ಮಂಗಳವಾರ, 9: ತಾರೀಖು ಕಳೆದುಕೊಂಡ ಒಂದು ಕಾಗದದ ಪ್ರಕರಣ ಅಧ್ಯಯನ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಬರುವ ಮನೆತನ, ಊರು, ಆರ್ಕೈವ್ ಯಾವುದರ ಹೆಸರನ್ನೂ ಹಾಕಿಲ್ಲ. ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನು ಅದಲು ಬದಲು ಮಾಡಿದ್ದೇನೆ. ಕಾಗದ ಬರೆದ ಇತಿಹಾಸಕಾರ್ತಿಯನ್ನು ‘ಎಂ.’ ಎಂದು ಕರೆಯುತ್ತೇನೆ, ಅದು ಅವರ ಹೆಸರಿನ ಅಕ್ಷರ ಅಲ್ಲ. ಆದರೆ ಐರ್ಲೆಂಡಿನ ಇತಿಹಾಸದ ಸಂಗತಿಗಳು ಮಾತ್ರ ಇದ್ದದ್ದು ಇದ್ದ ಹಾಗೇ ಇವೆ. ಹಳೆ ಕಾಗದ ಪತ್ರ ಜೋಡಿಸುವ ಕೆಲಸ ಮಾಡುವವರಿಗೆ, ಇಲ್ಲವೇ ಅಜ್ಜಿಯ ಟ್ರಂಕು ತೆರೆದು ಏನು ಮಾಡುವುದು ಅಂತ ಕೂತವರಿಗೆ, ಉಪಯೋಗಕ್ಕೆ ಬರಬಹುದು.

ಹಿನ್ನೆಲೆ

ನಾನು ಡಬ್ಲಿನ್‌ನಲ್ಲಿ ಆರ್ಕೈವ್ಸ್ ಕೋರ್ಸ್ ಮುಗಿಸಿ, ಒಂದು ಸಣ್ಣ ಸಂಗ್ರಹಾಲಯದಲ್ಲಿ ಕಾಂಟ್ರ್ಯಾಕ್ಟ್ ಕೆಲಸಕ್ಕೆ ಸೇರಿದ ಹೊಸದು. ಒಂದು ದಿನ ಮೂರು ಬಿಸ್ಕತ್ತಿನ ಡಬ್ಬಿ, ಒಂದು ತೊಗಲಿನ ಸೂಟ್‌ಕೇಸು ಬಂದವು. ಒಳಗೆ ಎಂ. ಅವರ ಖಾಸಗಿ ಕಾಗದಗಳು. ಕೊಟ್ಟವರು ಅವರ ತಮ್ಮನ ಮೊಮ್ಮಗ, ಎಂಬತ್ತು ದಾಟಿದ ಹಿರಿಯರು.

ಎಂ. ಹೆಸರುವಾಸಿ ಏನಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಮಾಡುತ್ತಾ, ರಜೆಯಲ್ಲಿ ಡಬ್ಲಿನ್‌ಗೆ ಬಂದು ದಾಖಲೆ ಓದುತ್ತಾ, ತನ್ನ ಸೀಮೆಯ ಊರುಗಳ ಇತಿಹಾಸ ಬರೆದವರು. ತೀರಿಕೊಂಡದ್ದು 1940ರ ದಶಕದಲ್ಲಿ. ಅವರ ಪೀಳಿಗೆ ಎಂಥದ್ದು ಅಂದರೆ, ಡಬ್ಲಿನ್‌ನ ಟ್ರಿನಿಟಿ ಕಾಲೇಜು ಹೆಂಗಸರನ್ನು ಒಳಗೆ ಬಿಟ್ಟದ್ದೇ 1904ರಲ್ಲಿ. 1911ರಲ್ಲಿ ಮೇರಿ ಹೇಡನ್ ಯೂನಿವರ್ಸಿಟಿ ಕಾಲೇಜಿನಲ್ಲಿ ಆಧುನಿಕ ಐರಿಷ್ ಇತಿಹಾಸದ ಪ್ರೊಫೆಸರ್ ಆದರು, ಆ ಪೀಠಕ್ಕೆ ಅವರೇ ಮೊದಲಿಗರು. ಅದಕ್ಕೂ ಹಿಂದೆ ಆಲಿಸ್ ಸ್ಟಾಪ್‌ಫರ್ಡ್ ಗ್ರೀನ್ ಇದ್ದರು. 1847ರಲ್ಲಿ ಮೀತ್ ಕೌಂಟಿಯ ಕೆಲ್ಸ್‌ನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಬಾಳಿ, ಐರ್ಲೆಂಡಿಗೂ ತನ್ನದೇ ನಾಗರಿಕತೆ ಇತ್ತು ಎಂದು ಪುಸ್ತಕ ಬರೆದು, ಅದಕ್ಕೆ ಬೈಸಿಕೊಂಡು, ಕೊನೆಗೆ 1922ರಲ್ಲಿ ಬ್ರಿಟನ್ನಿನಿಂದ ಬೇರೆಯಾದ ಹೊಸ ದೇಶದ ಸೆನೆಟ್ಟಿಗೆ ಹೋದ ನಾಲ್ವರು ಹೆಂಗಸರಲ್ಲಿ ಒಬ್ಬರಾದವರು.

ಇವರ ಕಾಗದಗಳ ಗತಿ ನೋಡಿ. ಆಲಿಸ್ ಅವರ ಗಂಡ ಜೆ. ಆರ್. ಗ್ರೀನ್ ಕೂಡ ಇತಿಹಾಸಕಾರ, 1883ರಲ್ಲಿ ತೀರಿಕೊಂಡರು, 1901ಕ್ಕಾಗಲೇ ಅವರ ಪತ್ರಗಳು ಪುಸ್ತಕವಾಗಿ ಅಚ್ಚಾಗಿದ್ದವು. ಹೆಂಡತಿಯ ಪತ್ರಗಳನ್ನು ಓದಬೇಕಾದರೆ ಇವತ್ತಿಗೂ ನ್ಯಾಷನಲ್ ಲೈಬ್ರರಿಗೆ ಹೋಗಿ ಫೈಲು ತರಿಸಿಕೊಳ್ಳಬೇಕು. ಮೇರಿ ಹೇಡನ್ ತೀರಿಕೊಂಡದ್ದು 1942ರಲ್ಲಿ. 1878ರಿಂದ 1903ರವರೆಗಿನ ಅವರ ದಿನಚರಿ ಅಚ್ಚಾಗಿದ್ದು 2005ರಲ್ಲಿ. ಇಷ್ಟು ದೊಡ್ಡವರದ್ದೇ ಹೀಗೆ. ಎಂ. ಅಂಥವರದ್ದು ಬಿಸ್ಕತ್ತಿನ ಡಬ್ಬಿಯಲ್ಲಿ ಉಳಿದದ್ದೇ ಪುಣ್ಯ.

ಡಬ್ಬಿಗಳಲ್ಲಿ ಕಾಗದಗಳು ಕಟ್ಟು ಕಟ್ಟಾಗಿದ್ದವು. ಕಟ್ಟಿದ್ದು ಎಂ. ಅಲ್ಲ, ಅವರ ಆಸ್ತಿಪಾಸ್ತಿ ನೋಡಿಕೊಂಡ ಅಣ್ಣನ ಮಗ. ಪಾದ್ರಿಗಳು, ಪ್ರೊಫೆಸರುಗಳು, ಒಬ್ಬ ಮಂತ್ರಿ ಬರೆದ ಕಾಗದಗಳೆಲ್ಲ ಮೇಲಿನ ಡಬ್ಬಿಯಲ್ಲಿ, ರಿಬ್ಬನ್ ಹಾಕಿ. ಎಂ. ತನ್ನ ಗೆಳತಿಗೆ ಬರೆದಿದ್ದ ಕಾಗದಗಳು ಎರಡನೆಯದರಲ್ಲಿ (ಗೆಳತಿ ಹೋದ ಮೇಲೆ ಆ ಮನೆಯವರು ವಾಪಸ್ ಕೊಟ್ಟಿದ್ದರಂತೆ). ಮೂರನೆಯದರಲ್ಲಿ ತಂಗಿಯ ಜೊತೆಗಿನ ಪತ್ರ, ಕಾರ್ಡು, ಕಲ್ಲಿದ್ದಲಿನ ಬಿಲ್ಲು, ಬಾಡಿಗೆ ರಸೀದಿ. ಅದರ ಮೇಲೆ ಪೆನ್ಸಿಲ್‌ನಲ್ಲಿ ‘ಮನೆ ವಿಷಯ’ ಅಂತ ಬರೆದು ಕೆಳಗೊಂದು ಗೆರೆ ಎಳೆದಿತ್ತು. ಆ ಗೆರೆಗೆ ‘ಇದನ್ನು ಯಾರೂ ನೋಡಬೇಕಿಲ್ಲ’ ಅಂತ ಅರ್ಥ.

ಸಮಸ್ಯೆ

ಎರಡನೇ ಡಬ್ಬಿಯಲ್ಲಿದ್ದ ಒಂದು ಕಾಗದವೇ ಈ ಪ್ರಕರಣ. ನಾಲ್ಕು ಪುಟ. ಎರಡು ಪುಟದಲ್ಲಿ ಮಾತು, ಎರಡು ಪುಟದಲ್ಲಿ ಬರೀ ಹೆಸರುಗಳು: ಒಂದು ಪ್ಯಾರಿಷ್ಷಿನಲ್ಲಿ (ಒಂದು ಚರ್ಚಿನ ವ್ಯಾಪ್ತಿಗೆ ಬರುವ ಸೀಮೆ) ಯಾರ್ಯಾರ ಮನೆ ಇತ್ತು, ಯಾರು ಪ್ರಾಟೆಸ್ಟೆಂಟ್, ಯಾರು ಕ್ಯಾಥೊಲಿಕ್.

ಈ ಪಟ್ಟಿ 1766ರದ್ದು. ಆ ವರ್ಷ ಐರಿಷ್ ಸಂಸತ್ತಿನ ಮೇಲ್ಮನೆ ಚರ್ಚ್ ಆಫ್ ಐರ್ಲೆಂಡಿನ (ಪ್ರಾಟೆಸ್ಟೆಂಟ್ ಚರ್ಚು) ಪಾದ್ರಿಗಳಿಗೆ ನಿಮ್ಮ ನಿಮ್ಮ ಪ್ಯಾರಿಷ್ಷಿನ ಮನೆಗಳ ಲೆಕ್ಕ ಕೊಡಿ ಎಂದು ಕೇಳಿತ್ತು. ಕೆಲವರು ಬರೀ ಸಂಖ್ಯೆ ಕೊಟ್ಟರು, ಕೆಲವರು ಹೆಸರು ಸಮೇತ ಕೊಟ್ಟರು. ಅವೆಲ್ಲ ಡಬ್ಲಿನ್‌ನ ಫೋರ್ ಕೋರ್ಟ್ಸ್ ಅನ್ನುವ ನ್ಯಾಯಾಲಯದ ಆವರಣದ ಪಬ್ಲಿಕ್ ರೆಕಾರ್ಡ್ ಆಫೀಸಿನಲ್ಲಿ ಇದ್ದವು. 1922ರ ಜೂನ್ 30ರಂದು, ಬ್ರಿಟನ್ ಜೊತೆಗಿನ ಒಪ್ಪಂದದ ವಿಷಯಕ್ಕೆ ಐರಿಷರೇ ಎರಡು ಪಾಲಾಗಿ ಹೊಡೆದಾಡಿದ ಅಂತರ್ಯುದ್ಧದ ಮೊದಲ ವಾರದಲ್ಲೇ, ಆ ಕಟ್ಟಡ ಸ್ಫೋಟಗೊಂಡು ಹೊತ್ತಿ ಉರಿಯಿತು. ಏಳು ಶತಮಾನದ ದಾಖಲೆ. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಹಾಳೆಗಳು, ಉಯಿಲುಗಳು, ಚರ್ಚ್ ರಿಜಿಸ್ಟರುಗಳು, ಹಳೇ ಕೋರ್ಟಿನ ಸುರುಳಿಗಳು, 1766ರ ಪಟ್ಟಿಗಳು. ಸುಟ್ಟ ಕಾಗದದ ಚೂರುಗಳು ಊರ ಮೇಲೆಲ್ಲ ಹಾರಿ ಬಿದ್ದವಂತೆ.

ಹಾಗಾಗಿ ಬೆಂಕಿಗೆ ಮೊದಲು ಯಾರಾದರೂ ಕೈಯಲ್ಲಿ ನಕಲು ಮಾಡಿಕೊಂಡಿದ್ದರೆ ಈಗ ಅದೇ ಮೂಲಕ್ಕೆ ಸಮ. ಬೆಂಕಿಯ ನೂರನೇ ವರ್ಷ, 2022ರಲ್ಲಿ, ಇಂಥ ನಕಲುಗಳನ್ನೆಲ್ಲ ಜೋಡಿಸಿ ಸುಟ್ಟ ಭಂಡಾರವನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುವ ಕೆಲಸ, ‘ವರ್ಚುವಲ್ ರೆಕಾರ್ಡ್ ಟ್ರೆಷರಿ’, ಜನರಿಗೆ ತೆರೆಯಿತು. ಆದ್ದರಿಂದ ಎಂ. ಅವರ ಪಟ್ಟಿಗೆ ಬೆಲೆ ಇತ್ತು. ಆದರೆ ಎಷ್ಟು ಬೆಲೆ ಅನ್ನುವುದು ಒಂದೇ ಪ್ರಶ್ನೆಯ ಮೇಲೆ ನಿಂತಿತ್ತು. ಮೂಲವನ್ನು ಎದುರಿಗೆ ಇಟ್ಟುಕೊಂಡು ಬರೆದದ್ದೋ, ಆಮೇಲೆ ಯಾವುದೋ ನೋಟುಬುಕ್ಕಿನಿಂದ ಇಳಿಸಿದ್ದೋ? ಕಾಗದದಲ್ಲಿ ಎಂ. ಗೆಳತಿಗೆ, ಪಟ್ಟಿಯನ್ನು ಎರಡು ಸಲ ತಾಳೆ ನೋಡಿದ್ದೇನೆ ಅಂತ ಹೇಳಿದ್ದರು. ಯಾವುದರ ಜೊತೆ ತಾಳೆ? ಅದನ್ನು ಹೇಳಿರಲಿಲ್ಲ.

ತಾರೀಖು ಗೊತ್ತಾದರೆ ಅರ್ಧ ಬಗೆಹರಿಯುತ್ತಿತ್ತು. ತಾರೀಖಿನ ಜಾಗದಲ್ಲಿ ‘ಮಂಗಳವಾರ, 9’ ಅಂತ ಇತ್ತು, ಅದರ ಮುಂದೆ ತೂತು. ತೂತು ಅಂದರೆ ಇಲಿ ತಿಂದದ್ದಲ್ಲ, ಕತ್ತರಿಯಿಂದ ಕತ್ತರಿಸಿದ್ದು. ಡಬ್ಬಿಯಲ್ಲಿದ್ದ ಲಕೋಟೆಗಳ ಬಲ ಮೂಲೆಯಲ್ಲೂ ಅಂಥದೇ ತೂತು. ಯಾರೋ ಸ್ಟಾಂಪಿನ ಆಸೆಗೆ ಲಕೋಟೆಯನ್ನು ಕತ್ತರಿಸುವಾಗ ಒಳಗಿದ್ದ ಕಾಗದದ ಮೂಲೆಯೂ ಸೇರಿ ಹೋಗಿತ್ತು. ಎಂ. ತಾರೀಖು ಹಾಕದೆ ಬರೆಯುವವರಲ್ಲ, ಪಾಪ. ಅವರು ಹಾಕಿದ್ದರು, ನಾವು ಕಳೆದುಕೊಂಡಿದ್ದೆವು.

ಮತ್ತೆ ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಮೊದಲ ವಾರದ ಉತ್ಸಾಹದಲ್ಲಿ ನಾನು ತುಕ್ಕು ಹಿಡಿದ ಗುಂಡುಸೂಜಿಗಳನ್ನೆಲ್ಲ ತೆಗೆದು (ಅದು ಸರಿ), ಸ್ಟಾಂಪೂ ಇಲ್ಲ ಅಂಚೆಯ ಠಸ್ಸೆಯೂ ಇಲ್ಲದ ಲಕೋಟೆಗಳನ್ನೆಲ್ಲ ಬೇರೆ ಪೆಟ್ಟಿಗೆಗೆ ಹಾಕಿಬಿಟ್ಟಿದ್ದೆ (ಅದು ತಪ್ಪು). ತೂತು ಬಿದ್ದ ಲಕೋಟೆ ಏನು ಹೇಳುತ್ತದೆ ಅಂತ. ಯಾವ ಲಕೋಟೆ ಯಾವ ಕಾಗದದ್ದು ಅನ್ನುವ ಸಂಬಂಧ ಅಲ್ಲಿಗೆ ತಪ್ಪಿಹೋಯಿತು. ನಮ್ಮ ಅಜ್ಜನ ಮನೆಯಲ್ಲಿ ಬಂದ ಕಾಗದಗಳನ್ನೆಲ್ಲ ಒಂದು ಕೊಕ್ಕೆ ತಂತಿಗೆ ಚುಚ್ಚಿ ಗೋಡೆಗೆ ನೇತು ಹಾಕುತ್ತಿದ್ದರು. ಹೊಸದು ಮೇಲೆ, ಹಳೆಯದು ಕೆಳಗೆ. ತಾರೀಖು ಇಲ್ಲದ ಕಾಗದಕ್ಕೂ ಆ ತಂತಿಯೇ ತಾರೀಖು. ಆರ್ಕೈವಿನವರು ‘ಮೂಲ ಕ್ರಮ’ ಅನ್ನುವುದು ಇದನ್ನೇ. ಬಾಲ್ಯದಿಂದ ನೋಡಿದ್ದನ್ನು ಕೋರ್ಸಿನಲ್ಲಿ ಮತ್ತೆ ಓದಿ, ಕೆಲಸಕ್ಕೆ ಸೇರಿದ ಮೊದಲ ವಾರವೇ ಮರೆತಿದ್ದೆ.

ಏನೇನು ಮಾಡಿ ನೋಡಿದೆವು

ಮೊದಲು ಕೈಬರಹ. ವರ್ಷ ಕಳೆದಂತೆ ಅಕ್ಷರ ಬದಲಾಗುತ್ತದೆ, ತಾರೀಖಿರುವ ಕಾಗದಗಳ ಜೊತೆ ಇಟ್ಟು ನೋಡಿದರೆ ಆಯಿತು ಅಂದುಕೊಂಡೆವು. ಎರಡು ದಿನ ನೋಡಿದೆವು. ಎಂ. ಅಕ್ಷರ ಬದಲಾಗುತ್ತಿದ್ದದ್ದು ವರ್ಷದಿಂದಲ್ಲ, ನಿಬ್ಬಿನಿಂದ. ಬಿಟ್ಟೆವು.

ಆಮೇಲೆ ಊರಿನ ಹೆಸರು. ಡಬ್ಲಿನ್ ಪಕ್ಕದ ಕಿಂಗ್ಸ್‌ಟೌನ್ 1920ರಲ್ಲಿ ಡುನ್ ಲೇರಿ ಆಯಿತು. ಕಾಗದದಲ್ಲಿ ಕಿಂಗ್ಸ್‌ಟೌನ್ ಅಂತಿದೆ, ಆದ್ದರಿಂದ 1920ಕ್ಕೆ ಮೊದಲಿನದು ಅಂತ ನಾನು ಹೇಳಿದೆ. ಹಿರಿಯ ಸಹೋದ್ಯೋಗಿ ಏನೂ ಮಾತಾಡದೆ 1931ರ ಇನ್ನೊಂದು ಕಾಗದ ತೆಗೆದು ತೋರಿಸಿದರು. ಅದರಲ್ಲೂ ಕಿಂಗ್ಸ್‌ಟೌನೇ. ನಾನೂ ಇವತ್ತಿಗೂ ಮೆಜೆಸ್ಟಿಕ್ ಅಂತಲೇ ಹೇಳುತ್ತೇನೆ, ಕೆಂಪೇಗೌಡ ಬಸ್ ನಿಲ್ದಾಣ ಅಂತ ಯಾವತ್ತಾದರೂ ಹೇಳಿದ್ದೇನಾ? ಜನರ ಬಾಯಲ್ಲಿ ಹಳೇ ಹೆಸರು ಸಾಯುವುದಿಲ್ಲ.

ಮೂರನೆಯದು ಕ್ಯಾಲೆಂಡರ್. ಒಂಬತ್ತನೇ ತಾರೀಖು ಮಂಗಳವಾರ ಬರಬೇಕು. ಕಾಗದದಲ್ಲಿ ಬರುವ ಒಂದೆರಡು ಸಂಗತಿಗಳಿಂದ ಅದು 1920ರಿಂದ 1923ರೊಳಗಿನದು ಅನ್ನುವುದು ಖಚಿತವಿತ್ತು. ಆ ನಾಲ್ಕು ವರ್ಷದಲ್ಲಿ ಹಾಗೆ ಬರುವ ತಿಂಗಳು ಆರು: 1920ರ ಮಾರ್ಚ್ ಮತ್ತು ನವೆಂಬರ್, 1921ರ ಆಗಸ್ಟ್, 1922ರ ಮೇ, 1923ರ ಜನವರಿ ಮತ್ತು ಅಕ್ಟೋಬರ್. ನಾಲ್ಕು ಬೆಂಕಿಗೆ ಮೊದಲು, ಎರಡು ಆಮೇಲೆ. ಈ ವಿಧಾನ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದರಿಂದಲೇ ನಮಗೆ ಸ್ವಲ್ಪ ಜಾಸ್ತಿ ಧೈರ್ಯ ಬಂತು ಅಂತ ಈಗ ಅನ್ನಿಸುತ್ತದೆ.

ಯಾಕೆಂದರೆ ಆರರಲ್ಲಿ ಒಂದನ್ನು ಆರಿಸುವುದು ಸುಲಭ ಅನ್ನಿಸಿತು. ಕಾಗದದಲ್ಲಿ ಮೂರು ಮಾತುಗಳಿದ್ದವು. ಒಂದು, ಮಲಗುವ ಕೋಣೆಯಲ್ಲಿ ಬೆಂಕಿ ಹಾಕಿಸಿಕೊಂಡು ಬರೆಯುತ್ತಿದ್ದೇನೆ ಅಂತ. ಎರಡು, ಮೂಲವನ್ನು ಈಗ ಯಾರಿಂದಲೂ ನೋಡಲಾಗುವುದಿಲ್ಲ ಅಂತ. ಮೂರು, ಪಕ್ಕದ ಪ್ಯಾರಿಷ್ಷಿನ ಪಟ್ಟಿಯನ್ನೂ ಆದಾಗ ಕಳಿಸುತ್ತೇನೆ ಅಂತ. ಬೆಂಕಿ ಹಾಕಿದ್ದಾರೆ, ಅಂದರೆ ಚಳಿಗಾಲ. ಮೂಲ ನೋಡಲಾಗುವುದಿಲ್ಲ, ಅಂದರೆ ಸುಟ್ಟುಹೋಗಿದೆ. ‘ಆದಾಗ’ ಅಂದರೆ ಮೈ ಹುಷಾರಾದಾಗ, ಆ ವರ್ಷಗಳಲ್ಲಿ ಅವರಿಗೆ ಕೆಮ್ಮು ಇದ್ದೇ ಇತ್ತು. 1923ರ ಜನವರಿ! ನಾನು ಕ್ಯಾಟಲಾಗಿನಲ್ಲಿ ಚೌಕ ಕಂಸ ಹಾಕಿ, ಪ್ರಶ್ನಾರ್ಥಕ ಚಿಹ್ನೆ ಸಮೇತ, ಹಾಗೇ ಬರೆದೆ. ಊಹಿಸಿದ ತಾರೀಖನ್ನು ಚೌಕ ಕಂಸದಲ್ಲಿ ಹಾಕುವುದು ನಮ್ಮ ವೃತ್ತಿಯ ರೂಢಿ. ಮನಸ್ಸಿನಲ್ಲಿ ಮಾತ್ರ ಕಂಸವೂ ಇರಲಿಲ್ಲ, ಪ್ರಶ್ನೆಯೂ ಇರಲಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಕಡೆಯಿಂದ ತೊಂದರೆ ಶುರುವಾಯಿತು. ಡಬ್ಬಿ ಕೊಟ್ಟಿದ್ದ ಹಿರಿಯರು ಫೋನ್ ಮಾಡಿ ‘ಮನೆ ವಿಷಯ’ದ ಡಬ್ಬಿ ವಾಪಸ್ ಬೇಕು ಅಂದರು. ಅದರಲ್ಲಿ ಅಕ್ಕತಂಗಿಯರು ತಮ್ಮನ ಸಾಲದ ವಿಷಯಕ್ಕೆ ಜಗಳ ಆಡಿದ್ದು ಇದೆ, ಆ ತಮ್ಮ ಅಂದರೆ ನನ್ನ ಅಜ್ಜ, ಅದೆಲ್ಲ ಊರವರು ಓದುವಂಥದ್ದಲ್ಲ ಅಂತ. ಕಾನೂನಿನ ಲೆಕ್ಕದಲ್ಲಿ ನೋಡಿದರೆ ತೀರಿಹೋದವರಿಗೆ ಯುರೋಪಿನ ಖಾಸಗಿ ಮಾಹಿತಿ ಕಾಯಿದೆ ಅನ್ವಯಿಸುವುದಿಲ್ಲ. ಬರೆದವರು ಸತ್ತು 70 ವರ್ಷ ಕಳೆದರೆ ಕಾಪಿರೈಟೂ ಮುಗಿಯುತ್ತದೆ, ಎಂ. ವಿಷಯದಲ್ಲಿ ಮುಗಿದಿತ್ತು. ಆದರೆ ಡಬ್ಬಿಗಳ ದಾನಪತ್ರಕ್ಕೆ ಅವರು ಇನ್ನೂ ಸಹಿ ಹಾಕಿರಲಿಲ್ಲ. ಕಾಗದ ಅವರದ್ದು. ಮೇಲಾಗಿ, ಒಬ್ಬ ಮುದುಕರ ಜೊತೆ ಕಾಯಿದೆ ಮಾತಾಡಿ ಏನು ಗೆಲ್ಲುವುದು?

ನನಗೆ ಆ ಡಬ್ಬಿ ಹೋದರೂ ಪರವಾಗಿಲ್ಲ ಅನ್ನಿಸಿತ್ತು, ನಿಜ ಹೇಳಬೇಕೆಂದರೆ. ಕಲ್ಲಿದ್ದಲಿನ ಬಿಲ್ಲು ಯಾರಿಗೆ ಬೇಕು. ಹಿರಿಯ ಸಹೋದ್ಯೋಗಿ ಒಪ್ಪಲಿಲ್ಲ. ವಾಪಸ್ ಕೊಡೋಣ, ಆದರೆ ಅಂಚೆಯಲ್ಲಿ ಕಳಿಸುವುದು ಬೇಡ, ನಾವೇ ಹೋಗಿ ಕೊಡೋಣ, ಅಷ್ಟರೊಳಗೆ ಒಂದು ಸಲ ಪೂರ್ತಿ ಓದು ಅಂದರು. ಈ ಪ್ರಕರಣ ತಿರುಗಿದ್ದು ಈ ಸಣ್ಣ ತೀರ್ಮಾನದಿಂದ. ಆದರೆ ನಾನು ಪೂರ್ತಿ ಓದಲಿಲ್ಲ. ಜಗಳದ ಕಾಗದ ಓದಿದೆ, ಬಿಲ್ಲುಗಳನ್ನು ಎಣಿಸಿದೆ, ಚಿತ್ರದ ಕಾರ್ಡುಗಳ ಚಿತ್ರ ನೋಡಿ ಇಟ್ಟುಬಿಟ್ಟೆ.

ಏನಾಯಿತು

ಅವರ ಮನೆಗೆ ಹೋದೆವು. ಚಹಾ, ಬಿಸ್ಕತ್ತು, ಅಡುಗೆಮನೆಯ ಮೇಜು. ಡಬ್ಬಿ ಕೊಟ್ಟೆವು, ಅವರು ಅದನ್ನು ತೆರೆಯಲೂ ಇಲ್ಲ, ಪಕ್ಕಕ್ಕಿಟ್ಟರು. ಮಾತಿಗೆ ಮಾತು ಬಂದು, ಎರಡನೇ ಡಬ್ಬಿಯ ಕಾಗದಗಳೆಲ್ಲ ಚೆನ್ನಾಗಿವೆ, ಆದರೆ ಯಾರೋ ಸ್ಟಾಂಪು ಕತ್ತರಿಸಿ ತುಂಬ ಹಾಳು ಮಾಡಿದ್ದಾರೆ ಅಂತ ನಾನು ಹೇಳಿದೆ.

ಹಿರಿಯರು ಸುಮ್ಮನಾದರು. ಆಮೇಲೆ ಕಿವಿ ಕೆಂಪಾಗಿ, ‘ಅದು ನಾನೇ’ ಅಂದರು.

ಅವರಿಗೆ ಆಗ ಹತ್ತೋ ಹನ್ನೊಂದೋ ವರ್ಷ. ದೊಡ್ಡಜ್ಜಿ ತೀರಿಹೋಗಿದ್ದರು, ಡಬ್ಬಿಗಳು ಅಟ್ಟದ ಮೇಲಿದ್ದವು, ಹೊರಗೆ ಮಳೆ. ಅಮ್ಮನ ಉಗುರು ಕತ್ತರಿ ತಗೊಂಡು ಹೋಗಿ ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಸಿದ್ದರು. ಚಿತ್ರದ ಕಾರ್ಡುಗಳನ್ನು ಮಾತ್ರ ಮುಟ್ಟಿರಲಿಲ್ಲ. ಕತ್ತರಿಸಿದರೆ ಹಿಂದಿನ ಚಿತ್ರ ಹಾಳಾಗುತ್ತದಲ್ಲ, ಅಮ್ಮ ಬಿಡುತ್ತಿರಲಿಲ್ಲವಂತೆ.

‘ಆಲ್ಬಮ್ ಇದೆಯಾ?’ ಅಂತ ಸಹೋದ್ಯೋಗಿ ಕೇಳಿದರು. ಇತ್ತು. ಮಹಡಿಯಲ್ಲಿ ಹುಡುಕಿ ತರಲು ಕಾಲು ಗಂಟೆ ಆಯಿತು.

ಬಹಳಷ್ಟು ಸ್ಟಾಂಪುಗಳನ್ನು ಆ ಹುಡುಗ ನೀರಿನಲ್ಲಿ ನೆನೆಸಿ ಕಾಗದದಿಂದ ಬಿಡಿಸಿದ್ದ. ಅವುಗಳಿಂದ ನಮಗೆ ಏನೂ ಸಿಗುವಂತಿರಲಿಲ್ಲ. ಆದರೆ ಒಂದು ಪುಟದಲ್ಲಿ ಏಳೆಂಟು ಸ್ಟಾಂಪುಗಳು ಲಕೋಟೆಯ ಚೂರಿನ ಸಮೇತ ಇದ್ದವು. ಬ್ರಿಟಿಷ್ ರಾಜನ ತಲೆಯ ಮೇಲೆ ಕಪ್ಪು ಶಾಯಿಯಲ್ಲಿ ಐರಿಷ್ ಅಕ್ಷರ ಒತ್ತಿದ ಸ್ಟಾಂಪುಗಳು. 1922ರಲ್ಲಿ ಹೊಸ ಸರ್ಕಾರ ಬಂದಾಗ ತಮ್ಮದೇ ಸ್ಟಾಂಪು ಇನ್ನೂ ತಯಾರಿರಲಿಲ್ಲ. ಇದ್ದ ಐದನೇ ಜಾರ್ಜ್ ಸ್ಟಾಂಪುಗಳ ಮೇಲೆಯೇ ‘ಐರ್ಲೆಂಡಿನ ತಾತ್ಕಾಲಿಕ ಸರ್ಕಾರ 1922’ ಅನ್ನುವ ಅರ್ಥದ ಐರಿಷ್ ಮಾತು ಅಚ್ಚು ಹಾಕಿ ಫೆಬ್ರವರಿ 17ರಿಂದ ಮಾರಿದರು. ದೇಶದ್ದೇ ಆದ ಮೊದಲ ಸ್ಟಾಂಪು, ಐರ್ಲೆಂಡಿನ ನಕ್ಷೆ ಇದ್ದ ಎರಡು ಪೆನ್ನಿಯದು, ಬಂದದ್ದು ಆ ವರ್ಷದ ಡಿಸೆಂಬರ್ 6ಕ್ಕೆ. ಅಚ್ಚು ಒತ್ತಿದ್ದನ್ನು ನೆನೆಸಬೇಡ, ಹಾಗೇ ಇಡು ಅಂತ ಶಾಲೆಯ ಮೇಷ್ಟರು ಹೇಳಿದ್ದರಂತೆ. ಆ ಮೇಷ್ಟರಿಗೆ ನಾನು ಋಣಿ.

ಅದರಲ್ಲಿ ಒಂದು ಚೂರು ಬೂದು ನೀಲಿ ಬಣ್ಣದ್ದು. ಕಿತ್ತಳೆ ಬಣ್ಣದ ಎರಡು ಪೆನ್ನಿ ಸ್ಟಾಂಪು. ಠಸ್ಸೆಯಲ್ಲಿ ಊರಿನ ಹೆಸರು ಅರ್ಧ ಹೋಗಿದೆ, ನಡುವೆ ‘9 ಮೇ 22’ ಅನ್ನುವುದು ಕಾಣುತ್ತದೆ.

ಆರ್ಕೈವಿಗೆ ವಾಪಸ್ ಬಂದು ನಾನು ಬೇರೆ ಮಾಡಿಟ್ಟಿದ್ದ ಲಕೋಟೆಗಳ ಪೆಟ್ಟಿಗೆ ತೆಗೆದೆವು. ಉಗುರು ಕತ್ತರಿಯ ಬಾಯಿ ಬಾಗಿರುತ್ತದೆ ಅಲ್ವಾ, ಹಾಗಾಗಿ ಅದು ಕತ್ತರಿಸಿದ ಅಂಚು ನೆಟ್ಟಗಿರುವುದಿಲ್ಲ, ಸಣ್ಣ ಸಣ್ಣ ಕಮಾನುಗಳ ಸಾಲಿನ ಹಾಗಿರುತ್ತದೆ. ಹಿರಿಯರು ಆಲ್ಬಮ್ಮನ್ನು ಎರಡು ವಾರಕ್ಕೆ ಕೊಟ್ಟಿದ್ದರು. ಬೂದು ನೀಲಿ ಲಕೋಟೆಗಳು ಹನ್ನೊಂದು ಇದ್ದವು, ಒಂದೊಂದನ್ನೇ ಹಿಡಿದು ನೋಡಿದೆವು. ಏಳನೆಯದಕ್ಕೆ ಚೂರು ಸರಿಯಾಗಿ ಕೂತಿತು. ಆ ಲಕೋಟೆ ಈ ಕಾಗದದ್ದೇ ಅಂತ ಹೇಗೆ ಹೇಳುವುದು? ತಪ್ಪು ಮಾಡಿದವಳು ನಾನೇ ಆದ್ದರಿಂದ ಹುಡುಕುವ ಕೆಲಸವೂ ನನಗೇ ಬಂತು. ಕೊನೆಗೆ ಸಿಕ್ಕಿದ್ದು ತುಕ್ಕಿನ ಗುರುತು. ಗುಂಡುಸೂಜಿ ಚುಚ್ಚಿದ್ದ ಕಡೆ ಎರಡು ಕಂದು ಚುಕ್ಕೆ, ಅವುಗಳ ನಡುವಿನ ಅಂತರ, ಓರೆ, ಲಕೋಟೆಯ ಮೇಲೂ ಕಾಗದದ ಮೇಲೂ ಒಂದೇ. ಸೂಜಿಯನ್ನು ನಾನು ಬಿಸಾಡಿದ್ದೆ. ತುಕ್ಕನ್ನು ಬಿಸಾಡಲು ಆಗಿರಲಿಲ್ಲ.

1922ರ ಮೇ 9. ಆರು ತಿಂಗಳಲ್ಲಿ ಒಂದು. ಬೆಂಕಿಗೆ ಏಳು ವಾರ ಮೊದಲು. ಖುಷಿಯಾಗಬೇಕಿತ್ತು. ಬದಲಿಗೆ ತಲೆ ಕೆಟ್ಟಿತು. ಮೇ ತಿಂಗಳಲ್ಲಿ ಕೋಣೆಯಲ್ಲಿ ಬೆಂಕಿ ಯಾಕೆ? ಇನ್ನೂ ಸುಡದ ದಾಖಲೆಯನ್ನು ಯಾರಿಂದಲೂ ನೋಡಲಾಗುವುದಿಲ್ಲ ಅಂತ ಯಾಕೆ ಬರೆದರು?

ಬೆಂಕಿಯ ಪ್ರಶ್ನೆಗೆ ಆಫೀಸಿನವರೆಲ್ಲ ನಕ್ಕರು. ಮೇ ಅಂದರೆ ಬೇಸಿಗೆ, ಬೇಸಿಗೆ ಅಂದರೆ ಸೆಕೆ, ಇದು ನನ್ನ ಊರಿನ ಲೆಕ್ಕ. ಐರ್ಲೆಂಡಿನಲ್ಲಿ ಕೆಮ್ಮು ಇರುವ ಹೆಂಗಸು ಮೇ ತಿಂಗಳ ಸಂಜೆ ಬೆಂಕಿ ಹಾಕಿಸಿದರೆ ಅದರಲ್ಲಿ ವಿಶೇಷವೇನಿಲ್ಲ. ಮೊದಲೇ ಯಾರನ್ನಾದರೂ ಕೇಳಿದ್ದರೆ ಆಗುತ್ತಿತ್ತು.

ಎರಡನೇ ಪ್ರಶ್ನೆ ಸುಲಭವಾಗಿ ಬಿಡಲಿಲ್ಲ. ಒಂದು ಹಂತದಲ್ಲಿ ನಾವು ಠಸ್ಸೆಯನ್ನೇ ಅನುಮಾನಿಸಿದೆವು, ಹುಡುಗ ಚೂರುಗಳನ್ನು ಅದಲು ಬದಲು ಮಾಡಿರಬಹುದೇ ಅಂತ. ಅಂಚು ಅಷ್ಟು ಸರಿಯಾಗಿ ಕೂತ ಮೇಲೂ! ಆಮೇಲೆ ಸಹೋದ್ಯೋಗಿ ಒಂದು ತಾರೀಖು ಹೇಳಿದರು. 1922ರ ಏಪ್ರಿಲ್ 14, ಗುಡ್ ಫ್ರೈಡೆ. ಬ್ರಿಟನ್ ಜೊತೆಗಿನ ಒಪ್ಪಂದವನ್ನು ಒಪ್ಪದ ಐಆರ್‌ಎ (ಐರಿಷ್ ರಿಪಬ್ಲಿಕನ್ ಆರ್ಮಿ) ಪಡೆ ಫೋರ್ ಕೋರ್ಟ್ಸನ್ನು ಹಿಡಿದುಕೊಂಡು ಕೂತದ್ದು ಅಂದು. ರೆಕಾರ್ಡ್ ಆಫೀಸು ಅದೇ ಆವರಣದಲ್ಲಿತ್ತು, ಅಲ್ಲಿ ಮದ್ದುಗುಂಡು ಬಂದು ಕೂತಿತು. ಓದುವವರಿಗೆ ಬಾಗಿಲು ಮುಚ್ಚಿತು. ಸರ್ಕಾರದ ಫಿರಂಗಿ ಹೊಡೆಯಲು ಶುರುಮಾಡಿದ್ದು ಜೂನ್ 28ಕ್ಕೆ.

ಅಂದರೆ ಮೇ 9ರಂದು ಆ ಪಟ್ಟಿ ಇನ್ನೂ ಕಪಾಟಿನಲ್ಲೇ ಇತ್ತು. ಯಾರಿಂದಲೂ ನೋಡಲಾಗುತ್ತಿರಲಿಲ್ಲ, ಅಷ್ಟೇ. ‘ಆದಾಗ’ ಅಂದರೆ ಕೆಮ್ಮು ವಾಸಿಯಾದಾಗ ಅಲ್ಲ. ಬಾಗಿಲು ತೆಗೆದಾಗ.

ಪಕ್ಕದ ಪ್ಯಾರಿಷ್ಷಿನ ಪಟ್ಟಿ ಎಂ. ಕಾಗದಗಳಲ್ಲಿ ಎಲ್ಲೂ ಇಲ್ಲ.

ಅಲ್ಲಿಗೆ ತಾಳೆಯ ಪ್ರಶ್ನೆ ಇನ್ನೂ ಕಷ್ಟವಾಯಿತು. ಒಂದು ಗಳಿಗೆ ನಾವು ‘ಬೆಂಕಿಗೆ ಮೊದಲು, ಮೂಲದಿಂದ ನಕಲು’ ಅಂತ ಬರೆದು ಮುಗಿಸುವ ಅಂಚಿನಲ್ಲಿದ್ದೆವು. ಆದರೆ ಮುಚ್ಚಿದ ಬಾಗಿಲಿನ ಒಳಗಿದ್ದ ಮೂಲದ ಜೊತೆ ಮೇ ತಿಂಗಳಲ್ಲಿ ತಾಳೆ ನೋಡಲು ಹೇಗೆ ಸಾಧ್ಯ? ಹಿಂದೆ ಯಾವಾಗಲೋ ನೋಡಿರಬೇಕು. ಯಾವಾಗ?

ಆಲ್ಬಮ್ ವಾಪಸ್ ಕೊಡಲು ಹೋದಾಗ ನಡೆದದ್ದನ್ನೆಲ್ಲ ಹಿರಿಯರಿಗೆ ಹೇಳಿದೆವು. ಹುಡುಗನಾಗಿದ್ದಾಗ ಮಾಡಿದ ಕಿತಾಪತಿಯೇ ಈಗ ಉತ್ತರ ಕೊಟ್ಟದ್ದು ಕೇಳಿ ಅವರಿಗೆ ಎಲ್ಲಿಲ್ಲದ ಉತ್ಸಾಹ ಬಂತು. ‘ಮನೆ ವಿಷಯ’ದ ಡಬ್ಬಿಯನ್ನು ತಾವೇ ಎತ್ತಿ ಮೇಜಿನ ಮೇಲಿಟ್ಟು, ಕಾರ್ಡುಗಳನ್ನು ನಾನು ಕತ್ತರಿಸಿರಲಿಲ್ಲ, ಅವುಗಳಲ್ಲಿ ತಾರೀಖು ಇರಬೇಕು, ನೋಡೋಣ ಅಂದರು. ಮೂವರೂ ಕೂತು ಓದಿದೆವು. ಸಮುದ್ರ ದಂಡೆಯ ಚಿತ್ರವಿದ್ದ ಒಂದು ಕಾರ್ಡು, ಠಸ್ಸೆ 1921ರ ಫೆಬ್ರವರಿ. ತಂಗಿಗೆ ಬರೆದದ್ದು. ಕೈಗವಸು ಹಾಕಿಕೊಂಡು ಬರೆಯಲು ಆಗುವುದಿಲ್ಲ, ತೆಗೆದರೆ ಬೆರಳು ಮರಗಟ್ಟುತ್ತದೆ. ಕರ್ಫ್ಯೂಗೆ ಮೊದಲು ರೂಮು ಸೇರಬೇಕು. ಪಾದ್ರಿಯ ಪಟ್ಟಿ ಮುಗಿಯಿತು, ನಾಳೆ ಹೋಗಿ ಇನ್ನೊಮ್ಮೆ ತಾಳೆ ನೋಡಿ ಊರಿಗೆ ಬರುತ್ತೇನೆ. ಕಲ್ಲಿದ್ದಲಿನವನಿಗೆ ದುಡ್ಡು ಕೊಟ್ಟೆಯಾ?

ಆ ಕಾರ್ಡಿನ ಚಿತ್ರವನ್ನು ನಾನು ಮೊದಲೇ ನೋಡಿದ್ದೆ. ತಿರುಗಿಸಿ ಓದಿರಲಿಲ್ಲ.

ಏನು ಕಲಿತೆವು

ಕೈಬರಹ, ಊರಿನ ಹೆಸರು, ಕ್ಯಾಲೆಂಡರ್, ಸ್ಟಾಂಪು, ಇವೆಲ್ಲದರ ಬಗ್ಗೆ ತರಗತಿಯಲ್ಲಿ ಹೇಳಿಕೊಡುತ್ತಾರೆ. ಲಕೋಟೆಯನ್ನು ಕಾಗದದಿಂದ ಅಗಲಿಸಬೇಡಿ ಅನ್ನುವುದನ್ನೂ ಹೇಳುತ್ತಾರೆ, ಅದನ್ನು ನಾನು ಇನ್ನು ಮರೆಯುವುದಿಲ್ಲ. ಈಗ ಸೂಜಿ ತೆಗೆಯುವ ಮೊದಲು ಫೋಟೋ ತೆಗೆಯುತ್ತೇನೆ, ಲಕೋಟೆ ಕಾಗದ ಎರಡಕ್ಕೂ ಒಂದೇ ನಂಬರ್ ಹಾಕುತ್ತೇನೆ.

ಆದರೆ ನಮ್ಮನ್ನು ನಿಜವಾಗಿ ದಾರಿ ತಪ್ಪಿಸಿದ್ದು ಇದ್ಯಾವುದೂ ಅಲ್ಲ, ಜೂನ್ 30ರಂದು ಏನಾಯಿತು ಅಂತ ನಮಗೆ ಗೊತ್ತಿದ್ದದ್ದು. ಐರ್ಲೆಂಡಿನ ಇತಿಹಾಸ ಓದುವವರ ತಲೆಯಲ್ಲಿ ಆ ಬೆಂಕಿ ಸದಾ ಉರಿಯುತ್ತಲೇ ಇರುತ್ತದೆ, ಹಾಗಾಗಿ ‘ನೋಡಲಾಗುವುದಿಲ್ಲ’ ಅಂತ ಕಂಡ ಕೂಡಲೇ ಬೂದಿ ಕಂಡಿತು. ಎಂ. ಅವರಿಗೆ ಅದು ಗೊತ್ತಿರಲಿಲ್ಲ. ಅವರ ಪಾಲಿಗೆ ಅದು ಬರೀ ಬಾಗಿಲು ಹಾಕಿದ ಆಫೀಸು, ಇವತ್ತಲ್ಲ ನಾಳೆ ತೆಗೆಯುತ್ತಾರೆ. ಹಾಗಂತಲೇ ಪಕ್ಕದ ಪ್ಯಾರಿಷ್ಷನ್ನು ನಿಧಾನವಾಗಿ ಮಾಡೋಣ ಅಂತ ಬಿಟ್ಟಿದ್ದರು. ಈಗ ನಾವು ತಾರೀಖಿಲ್ಲದ ಕಾಗದ ಸಿಕ್ಕಾಗ ಒಂದು ಹಾಳೆಯಲ್ಲಿ ಎರಡು ಕಾಲಂ ಹಾಕುತ್ತೇವೆ. ಬರೆದವರಿಗೆ ಗೊತ್ತಿದ್ದದ್ದು ಒಂದು ಕಡೆ, ನಮಗೆ ಮಾತ್ರ ಗೊತ್ತಿರುವುದು ಇನ್ನೊಂದು ಕಡೆ. ಎರಡನೇ ಕಾಲಂನಿಂದ ತಾರೀಖು ಊಹಿಸುವ ಹಾಗಿಲ್ಲ.

ಮೂರನೇ ಡಬ್ಬಿಯ ವಿಷಯದಲ್ಲೂ ನಾನು ಆ ಅಣ್ಣನ ಮಗನಿಗಿಂತ ಮೇಲೇನಲ್ಲ. ಅವನು ಪೆನ್ಸಿಲ್‌ನಲ್ಲಿ ಗೆರೆ ಎಳೆದ, ನಾನು ಓದದೆ ಎಳೆದೆ. ಮಂತ್ರಿಯ ಕಾಗದ ಈವರೆಗೆ ಒಬ್ಬರೂ ಕೇಳಿಲ್ಲ.

ಅಂತಿಮವಾಗಿ ಕ್ಯಾಟಲಾಗಿನಲ್ಲಿ ಹೀಗೆ ಹೋಯಿತು: ಕಾಗದ 1922ರ ಮೇ 9ರದ್ದು, ಲಕೋಟೆಯ ಠಸ್ಸೆಯ ಆಧಾರದ ಮೇಲೆ. ಪಟ್ಟಿಯನ್ನು ಮೂಲದಿಂದ ಬರೆದುಕೊಂಡದ್ದು ಬಹುಶಃ 1921ರ ಫೆಬ್ರವರಿಯಲ್ಲಿ, ತಂಗಿಗೆ ಬರೆದ ಕಾರ್ಡಿನ ಆಧಾರದ ಮೇಲೆ. ಕಾಗದದಲ್ಲಿರುವುದು ಆ ಬರಹದ ಮರುನಕಲು. ‘ಬಹುಶಃ’ ಬೇಕೇ ಬೇಡವೇ ಅಂತ ನಾವಿಬ್ಬರೂ ಒಂದು ಮಧ್ಯಾಹ್ನ ಪೂರ್ತಿ ವಾದ ಮಾಡಿದೆವು. ಫೆಬ್ರವರಿಯ ಪಾದ್ರಿಯ ಪಟ್ಟಿಯೂ ಇದೂ ಒಂದೇ ಅಂತ ಕಾರ್ಡಿನಲ್ಲಿ ಎಲ್ಲೂ ಬರೆದಿಲ್ಲ. ‘ಬಹುಶಃ’ ಉಳಿಯಿತು.

ದಾನಪತ್ರಕ್ಕೆ ಹಿರಿಯರು ಸಹಿ ಹಾಕಿದರು. ಸಾಲದ ಜಗಳದ ಐದು ಕಾಗದಗಳನ್ನು ಮಾತ್ರ 20 ವರ್ಷ ಯಾರಿಗೂ ತೋರಿಸಬಾರದು ಅಂದರು, ಒಪ್ಪಿದೆವು. ಬೂದು ನೀಲಿ ಚೂರನ್ನು ಆಲ್ಬಮ್ಮಿನಿಂದ ತಾವೇ ಬಿಡಿಸಿಕೊಟ್ಟರು. ಕೊಡುವ ಮೊದಲು, ಈ ಸ್ಟಾಂಪಿಗೆ ಈಗ ಏನು ಬೆಲೆ ಇರಬಹುದು ಅಂತ ಕೇಳಿದರು. ಅಂಥ ಬೆಲೆಯದ್ದೇನಲ್ಲ, ಬೇಕಾದಷ್ಟು ಸಿಗುತ್ತವೆ ಅಂತ ಸಹೋದ್ಯೋಗಿ ಹೇಳಿದರು. ಅವರಿಗೆ ಸ್ವಲ್ಪ ಬೇಜಾರಾಯಿತು. ಖಾಲಿಯಾದ ಜಾಗಕ್ಕೆ ಅದರದೇ ಒಂದು ಕಲರ್ ಜೆರಾಕ್ಸ್ ಬೇಕು ಅಂದರು, ಮುಂದಿನ ಸಲ ಹೋದಾಗ ಮಾಡಿಸಿಕೊಂಡು ಹೋದೆ. ಕತ್ತರಿಸುವಾಗ ಅಂಚನ್ನು ನೆಟ್ಟಗೆ ಕತ್ತರಿಸಬೇಡ, ಹೀಗೇ ಬಾಗಿಸಿ ಕತ್ತರಿಸು ಅಂತ ಹೇಳಿ, ಒಳಗೆ ಹೋಗಿ ಒಂದು ಉಗುರು ಕತ್ತರಿ ತಂದುಕೊಟ್ಟರು.